ಸಹಾಯ ಬೇಕು: ಅಪ್ಪನ ಕೃತಕ ಕಣ್ಣು ಅಲುಗಾಡುವುದೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ಹಿಂದೆ ಕಲ್ಲು ಒಡೆಯುವಾಗ ಚೂರು ಸಿಡಿದು ಅಪ್ಪನ ಎಡಗಣ್ಣು ಹೋಯಿತು. ಆಗ ಡಬ್ಬಿಯಲ್ಲಿದ್ದ ರೆಡಿಮೇಡ್ ಕಣ್ಣುಗಳಲ್ಲೇ ಒಂದನ್ನು ಆರಿಸಿ ಹಾಕಿದ್ದರು. ಬಣ್ಣ ಪರವಾಗಿಲ್ಲ. ಆದರೆ ಬಲಗಣ್ಣು ಪಕ್ಕಕ್ಕೆ ತಿರುಗಿದರೂ ಎಡಗಣ್ಣು ನೆಟ್ಟಗೆ ನಿಂತಿರುತ್ತದೆ. ಈಗ ಅಪ್ಪ ಯಾರ ಜೊತೆ ಮಾತಾಡಿದರೂ ಇಡೀ ಕತ್ತನ್ನೇ ತಿರುಗಿಸುತ್ತಾರೆ. ಫೋಟೋಗೆ ನಿಲ್ಲುವುದಂತೂ ಬಿಟ್ಟೇಬಿಟ್ಟಿದ್ದಾರೆ.

ನಾನು ತಿಳಿದುಕೊಂಡಂತೆ, ಮುಂದೆ ಕಾಣುವುದು ಅಕ್ರಿಲಿಕ್ ಚಿಪ್ಪು ಮಾತ್ರ. ಅಲುಗಾಟ ಬರುವುದು ಒಳಗೆ ಕೂರಿಸಿ, ಕಣ್ಣಿನ ಸ್ನಾಯುಗಳಿಗೆ ಜೋಡಿಸುವ ಗೋಲಿಯಂಥ ಗುಂಡಿನಿಂದ (ಇಂಪ್ಲಾಂಟ್). ಕುಳಿಯ ಅಚ್ಚು ತೆಗೆದು ಮಾಡಿದ ಚಿಪ್ಪು ಅದಕ್ಕೆ ಸರಿಯಾಗಿ ಅಂಟಿ ಕೂರುವುದರಿಂದ ಜಾಸ್ತಿ ತಿರುಗುತ್ತದೆ. ಅಪ್ಪನಿಗೆ ಗುಂಡು ಹಾಕಿಯೇ ಇಲ್ಲ!

ಇಷ್ಟು ವರ್ಷದ ಮೇಲೆ ಗುಂಡು ಹಾಕಿಸಿಕೊಂಡವರು ಇದ್ದೀರಾ? ಹವಳದಂಥ ರಂಧ್ರವಿರುವುದೋ, ನುಣುಪಾದದ್ದೋ? ಮೈಸೂರು, ಬೆಂಗಳೂರಿನಲ್ಲಿ ಅಚ್ಚು ತೆಗೆದು ಕೈಯಲ್ಲೇ ಬಣ್ಣ ಹಚ್ಚುವವರು ಎಲ್ಲಿ ಸಿಗುತ್ತಾರೆ? ಖರ್ಚು ಎಷ್ಟಾಯಿತು?

ಇನ್ನೊಂದು ವಿಷಯ. ವರ್ಷಕ್ಕೊಮ್ಮೆಯಾದರೂ ಪಾಲಿಶ್ ಮಾಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಈಗ ಉಗುರು ಆಡಿಸಿದರೆ ಗೀರು ಕೈಗೆ ಸಿಗುತ್ತದೆ, ಬೆಳಿಗ್ಗೆ ರೆಪ್ಪೆ ಪಿಸುರಿನಿಂದ ಅಂಟಿಕೊಂಡಿರುತ್ತದೆ. ಪಾಲಿಶ್ ಸಾಕಾ, ಹೊಸದೇ ಬೇಕಾ? ಸುಮ್ನೆ ಗೂಗಲ್ ನೋಡಿ ಅನ್ನಬೇಡಿ, ನಿಮ್ಮ ಅನುಭವ ಹೇಳಿ.