ಪದಚರ್ಚೆ: ‘ಪ್ರಾಯೋಗಿಕ ಯುದ್ಧವಿಮಾನ’ ಅಂದರೆ ಸರಿಯೇ?

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ನೌಕಾ ವಿಮಾನಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಬೋಯಿಂಗ್ ಕಂಪನಿಯ ಎಕ್ಸ್‌ಎಫ್7ಬಿ-1 ಎಂಬ ಫೈಟರ್ ವಿಮಾನ ಬಂದಲ್ಲಿ ಪದ ಸಿಗದೆ ನಿಂತಿದೆ.

ಆ ಕಾಲದ ಅಮೆರಿಕದ ನೌಕಾಪಡೆ ವಿಮಾನಗಳಿಗೆ ಹೆಸರಿಡುತ್ತಿದ್ದ ಲೆಕ್ಕದಲ್ಲಿ ಎಫ್ ಅಂದರೆ ಫೈಟರ್, ಬಿ ಅಂದರೆ ಬೋಯಿಂಗ್, 7 ಅಂದರೆ ಆ ಕಂಪನಿಯ ಏಳನೆಯ ನೌಕಾ ಫೈಟರ್. ಮೊದಲಿನ ಎಕ್ಸ್ ಎಕ್ಸ್‌ಪೆರಿಮೆಂಟಲ್ ಎಂಬುದರ ಗುರುತು. ಪಡೆ ವಿಮಾನವನ್ನು ಒಪ್ಪಿಕೊಂಡರೆ ಎಕ್ಸ್ ಬಿದ್ದುಹೋಗುತ್ತಿತ್ತು. 1931ರ ಕೊನೆಗೆ ಹಾರಿದ ಗ್ರಮ್ಮನ್ ಎಕ್ಸ್‌ಎಫ್‌ಎಫ್-1 ಮುಂದೆ ಎಫ್‌ಎಫ್-1 ಆಗಿ ಸೇವೆಗೆ ಸೇರಿದ್ದು ಹೀಗೆ. 1933ರಲ್ಲಿ ಹಾರಿದ ಬೋಯಿಂಗ್ ವಿಮಾನಕ್ಕೆ ಆ ಭಾಗ್ಯ ಬರಲಿಲ್ಲ. ಎರಡು ರೆಕ್ಕೆಗಳು ಒಂದರ ಮೇಲೊಂದಿರುವ ಫೈಟರ್‌ಗಳೇ ನೌಕೆಗಳಲ್ಲಿ ತುಂಬಿದ್ದಾಗ, ಇದಕ್ಕೆ ಕೆಳಗಡೆ ಒಂದೇ ಸಾಲಿನ ರೆಕ್ಕೆ, ಮಡಚಿಕೊಳ್ಳುವ ಚಕ್ರ, ಮುಚ್ಚಿದ ಕಾಕ್‌ಪಿಟ್. ಎಷ್ಟು ಮುಂದಾಲೋಚನೆಯ ವಿನ್ಯಾಸ! ಆದರೆ ಇಳಿಯುವಾಗಿನ ವೇಗ ಹಡಗಿನ ಡೆಕ್‌ಗೆ ವಿಪರೀತವಾಯಿತು. ಆಮೇಲೆ ರೆಕ್ಕೆಗೆ ಫ್ಲಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ ಪಟ್ಟಿ) ಜೋಡಿಸಿ ವೇಗ ತಗ್ಗಿಸಿ ನೋಡಿದರೂ ನೌಕಾಪಡೆ ಒಪ್ಪಲಿಲ್ಲ. ತಯಾರಾದದ್ದು ಒಂದೇ ಒಂದು.

ಇದನ್ನು ‘ಪ್ರಾಯೋಗಿಕ ಯುದ್ಧವಿಮಾನ’ ಎಂದು ಬರೆದರೆ ನನಗೆ ಸಮಾಧಾನವಿಲ್ಲ. ಪಿಯುಸಿಯ ‘ಪ್ರಾಯೋಗಿಕ ಪರೀಕ್ಷೆ’, ‘ಪ್ರಾಯೋಗಿಕ ಸಲಹೆ’ ಎನ್ನುವಾಗ ನಮ್ಮ ಮನಸ್ಸಿಗೆ ಬರುವುದು ಕೈಯಾರೆ ಮಾಡುವುದು, ಬಳಕೆಗೆ ಒದಗುವುದು. ಬಳಕೆಗೆ ಬಾರದೇ ಹೋದ ವಿಮಾನಕ್ಕೆ ಅದೇ ವಿಶೇಷಣವೇ? ‘ಮೂಲಮಾದರಿ’ ಇದೆ, ಒಳ್ಳೆಯ ಪದ. ಬೆಂಗಳೂರಿನಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿದ ನೌಕಾ ತೇಜಸ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಮೂಲಮಾದರಿ ಹೇಳುವುದು ಮೊದಲು ಕಟ್ಟಿದ್ದು ಎಂಬುದನ್ನು. ಎಕ್ಸ್ ಹೇಳುವುದು ಇನ್ನೂ ಒಪ್ಪಿಗೆಯಾಗಿಲ್ಲ ಎಂಬುದನ್ನು.

ನನ್ನ ಒಲವು ‘ಪರೀಕ್ಷಾರ್ಥ’ದ ಕಡೆಗೆ. ಮೆಟ್ರೊದ ಪರೀಕ್ಷಾರ್ಥ ಸಂಚಾರ, ಪರೀಕ್ಷಾರ್ಥ ಹಾರಾಟ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಅಲ್ಲೆಲ್ಲ ಅದು ಕ್ರಿಯೆಗೆ ಅಂಟಿದೆ. ‘ಪರೀಕ್ಷಾರ್ಥ ವಿಮಾನ’ ಎಂದು ವಸ್ತುವಿಗೇ ಹಚ್ಚಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಜೊತೆಗೆ ಇನ್ನೊಂದು. ‘ವಿಮಾನವಾಹಕ ನೌಕೆ ಆಧಾರಿತ’ ಎಂಬ ಉದ್ದನೆಯ ಜೋಡಣೆ ನನಗೆ ಬೇಡ. ‘ನೌಕಾ ಯುದ್ಧವಿಮಾನ’ ಚಿಕ್ಕದು ನಿಜ, ಆದರೆ ನೌಕಾಪಡೆ ದಡದಿಂದ ಹಾರಿಸುವ ವಿಮಾನಗಳೂ ಅದರೊಳಗೆ ಬಂದುಬಿಡುತ್ತವೆ. ಸದ್ಯಕ್ಕೆ ‘ಹಡಗಿನಿಂದ ಹಾರುವ ಫೈಟರ್’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಅಡಕವಾದದ್ದು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.