ಮೂರಕ್ಕಿಂತ ಕಡಿಮೆ

ಒಬ್ಬನೇ ಬರ್ಲಿನ್ನಿಗೆ ಹೋಗಿ ನೆಲೆಸೋಕೆ ಹೊರಟಿದ್ದ ಸೀನ ಫೋನನ್ನು ಎರಡು ಕಾಫಿ ಲೋಟಗಳ ಮಧ್ಯೆ ಒರಗಿಸಿ ನಿಲ್ಲಿಸಿದ. ಒಂದು ಹುಡುಗಿ, ಒಂದು ಸೂಟ್‌ಕೇಸು, ಹಿಂದೆ ಬರ್ಲಿನ್ನಿನ ಟಿವಿ ಗೋಪುರ. "ಒಬ್ಬಳೇ ಬಂದೆ, ನನ್ನನ್ನು ನಾನು ಕಂಡುಕೊಂಡೆ" ಅಂತ ಅವಳು ಹೇಳ್ತಿದ್ದಳು.

"ಕಂಡುಕೊಂಡ 14 ದಿನದೊಳಗೆ ರಿಜಿಸ್ಟರ್ ಮಾಡಿಸಬೇಕು" ಅಂದ ನಾಣಿ.

"ಏನನ್ನ?"

"ನಿನ್ನನ್ನ. ಮನೆ ಸೇರಿದ ಎರಡು ವಾರದಲ್ಲಿ ಅನ್‌ಮೆಲ್ಡುಂಗ್ ಅಂತ ವಿಳಾಸ ನೋಂದಾಯಿಸಬೇಕು. ಬಾಡಿಗೆ ಕರಾರು ತೋರಿಸಿದರೆ ಆಗಲ್ಲ, ಇವನು ಇಲ್ಲಿ ಬಂದು ಸೇರಿದ್ದಾನೆ ಅಂತ ಮಾಲೀಕನೇ ಸಹಿ ಹಾಕಿದ ಬೇರೆ ಕಾಗದ ಬೇಕು. ಆಮೇಲೆ ಅಪಾಯಿಂಟ್‌ಮೆಂಟು. ಅದು ನಿನ್ನ ಬಡಾವಣೆಯಲ್ಲಿ ಸಿಗಲ್ಲ. ಬೆಳಿಗ್ಗೆ ಎದ್ದು ವೆಬ್‌ಸೈಟ್ ರಿಫ್ರೆಶ್ ಮಾಡ್ತಾ ಕೂತ್ರೆ, ಯಾರೋ ಕ್ಯಾನ್ಸಲ್ ಮಾಡಿದ್ದು ಊರಾಚೆ ಸ್ಪಾಂಡೌನಲ್ಲಿ ಸಿಗುತ್ತೆ. ಊರಿನ ಯಾವ ಆಫೀಸಾದರೂ ನಡೆಯುತ್ತೆ, ಓಡು."

"ಇವನು ಓಡ್ತಾನೆ ಬಿಡು" ಅಂದಳು ಪದ್ಮ. "ಬರ್ಲಿನ್ ಮೆಟ್ರೋ ಮ್ಯಾಪು ಬಾಯಿಪಾಠ."

"ಎಸ್ 41 ಪ್ರದಕ್ಷಿಣೆ, ಎಸ್ 42 ಅಪ್ರದಕ್ಷಿಣೆ" ಅಂದ ಸೀನ, ಮಂತ್ರ ಹೇಳಿದ ಹಾಗೆ. "37 ಕಿಲೋಮೀಟರ್ ವರ್ತುಲ, ಒಂದೇ ಗಂಟೆ."

"ಸಿಲ್ಕ್ ಬೋರ್ಡ್ ದಾಟೋಕೂ ಒಂದೇ ಗಂಟೆ" ಅಂದ ನಾಣಿ. " ಅದರ ಮೇಲೆ ಯಾಕೋ ನಿಂಗೆ ಪ್ರೀತಿ ಬರಲಿಲ್ಲ?"

ಸೀನ ಮುಖ ಊದಿಸಿಕೊಂಡ. "ನೀನು ಬರ್ಲಿನ್ನನ್ನ ಬೈತಿದ್ದೀಯ."

"ಊರನ್ನಲ್ಲಯ್ಯ. ಚಿನ್ನದಂಥ ಊರು ಅದು. ಒಬ್ಬನೇ ಹೋಗೋದೇ ಒಂದು ಸಾಧನೆ ಅಂತ ಈಗ ಹುಟ್ಟಿರೋ ಫ್ಯಾಷನ್ನಿದೆಯಲ್ಲ, ಅದನ್ನ ಬೈತಿದ್ದೀನಿ. ಒಬ್ಬನೇ ಇರೋನಿಗೆ ಅಲ್ಲಿ ಎಲ್ಲಾ ದುಬಾರಿ. ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ. ಅದು ತಲೆಗಲ್ಲ, ಮನೆಗೆ. ನಾಲ್ಕು ಜನ ಇದ್ದರೆ ಹಂಚಿಕೊಳ್ತಾರೆ, ಒಬ್ಬನಿದ್ದರೆ ಪೂರ್ತಿ ಅವನದೇ. ಮನೇಲಿ ಟಿವಿ ಇಲ್ಲ ಅಂದ್ರೂ ಬಿಡಲ್ಲ."

"ದುಡ್ಡು ಹೋಗಲಿ. ತಿಂಡಿ ನಾನೇ ಮಾಡ್ಕೋತೀನಿ. ಇಡ್ಲಿ ಕಲ್ತಿದ್ದೀನಿ."

ನಾಣಿ ಕುರ್ಚಿ ಮುಂದಕ್ಕೆಳೆದ. ಇನ್ನು ಇವನನ್ನು ನಿಲ್ಲಿಸೋಕಾಗಲ್ಲ ಅಂತ ಪದ್ಮ ಇನ್ನೊಂದು ಬೈಟು ಹೇಳಿದಳು.

"ಒಬ್ಬನಿಗೆ ಎಷ್ಟು ಉದ್ದು ನೆನೆಸ್ತೀಯ? ಕಾಲು ಕಪ್ಪೇ? ಅಷ್ಟು ಹಾಕಿದ್ರೆ ಮಿಕ್ಸಿ ಬ್ಲೇಡಿಗೇ ಸಿಗಲ್ಲ, ಜಾರಿನ ಗೋಡೆಗೆ ಅಂಟಿಕೊಂಡು ನಿನ್ನನ್ನೇ ನೋಡುತ್ತೆ. ಕನಿಷ್ಠ ಅರ್ಧ ಕಪ್ ಬೇಕು. ಅದಕ್ಕೆ ಒಂದೂವರೆ ಕಪ್ ಇಡ್ಲಿ ರವೆ. ಅಲ್ಲಿಗೆ ಇಪ್ಪತ್ತು ಇಡ್ಲಿ ಆಯ್ತು. ಡಿಸೆಂಬರಲ್ಲಿ ಹಿಟ್ಟು ಉಬ್ಬೋದೂ ಇಲ್ಲ. ಓವನ್ನಿನೊಳಗಿಟ್ಟು ಬರೀ ಬಲ್ಬು ಹಚ್ಚು, ಹನ್ನೆರಡರಿಂದ ಹದಿನಾಲ್ಕು ಗಂಟೆ ಬಿಡು. ಹಳೇ ಬಲ್ಬಾಗಿರಬೇಕು, ಎಲ್‌ಇಡಿ ಆದ್ರೆ ಬೆಳಕು ಬರುತ್ತೆ, ಬಿಸಿ ಬರಲ್ಲ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡ, ಅಡಿಗೊಂದು ತಟ್ಟೆ ಇಡು. ಓವನ್ ಬಾಗಿಲಿಗೆ ಚೀಟಿ ಅಂಟಿಸು, ಇಲ್ಲದಿದ್ರೆ ಮರೆತು ಪಿಜ್ಜಾಕ್ಕೆ ಅಂತ 200 ಡಿಗ್ರಿ ಹಚ್ಚಿಬಿಡ್ತೀಯ."

"ಸರಿ. ಆಮೇಲೆ?"

"ಆಮೇಲೆ ಸೋಮವಾರ ಇಡ್ಲಿ, ಮಂಗಳವಾರ ಇಡ್ಲಿ, ಬುಧವಾರ ಅದೇ ಹಿಟ್ಟಿಗೆ ನೀರು ಬೆರೆಸಿ ದೋಸೆ, ಗುರುವಾರ ಹುಳಿ ಬಂದಿದ್ದಕ್ಕೆ ಈರುಳ್ಳಿ ಹಾಕಿ ಪಡ್ಡು. ಒಬ್ಬನಿಗೆ ಅಂತ ಇಡ್ಲಿಗೆ ಅಳತೇನೇ ಇಲ್ಲ ಕಣೋ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅದು ಇಡ್ಲಿ ವಿಷಯ ಅಲ್ಲ ಅಂತ ಮೂವರಿಗೂ ಗೊತ್ತಾಗಿತ್ತು.

"ಫ್ರೆಂಡ್ಸ್ ಮಾಡ್ಕೋತಾನೆ ಬಿಡು, ಕರೀತಾನೆ" ಅಂದಳು ಪದ್ಮ.

"ಕರೀಲಿ. 'ಸಂಜೆ ಬಾರೋ' ಅಂದ್ರೆ ಅಲ್ಲಿ ಯಾರಿಗೋ ಹುಷಾರಿಲ್ಲವೇನೋ ಅಂತ ಗಾಬರಿ ಬೀಳ್ತಾರೆ. ಮೂರು ವಾರ ಮುಂಚೆ ತಾರೀಖು, ಟೈಮು. ಒಂದು ಸಲ ಗೆಳೆಯರಾದರೆ ಜನ್ಮಕ್ಕೆ ಗೆಳೆಯರೇ, ಅದರಲ್ಲಿ ಮೋಸ ಇಲ್ಲ. ಆದ್ರೆ ಅದಕ್ಕೂ ಅಪಾಯಿಂಟ್‌ಮೆಂಟು."

"ನೆರೆಹೊರೆ?"

"ಅದಕ್ಕೊಂದು ಉಪಾಯ ಇದೆ. ಯಾರ ಪಾರ್ಸೆಲ್ ಬಂದ್ರೂ ತಗೊಂಡು ಇಟ್ಕೋ. ಮನೇಲಿಲ್ಲದವರ ಪೆಟ್ಟಿಗೆಗೆ 'ನಿಮ್ಮ ಪಾರ್ಸೆಲ್ ಸೀನನ ಹತ್ರ ಇದೆ' ಅಂತ ಚೀಟಿ ಹಾಕಿ ಹೋಗ್ತಾರೆ. ಅವರು ನಿನ್ನ ಬೆಲ್ ಒತ್ತಲೇಬೇಕು. ಅಪಾಯಿಂಟ್‌ಮೆಂಟ್ ಇಲ್ಲದೆ ಬಾಗಿಲಿಗೆ ಮನುಷ್ಯ ಬರೋದು ಹಾಗೊಂದೇ. ಬೆಲ್ ಮೇಲೂ ಟಪ್ಪಾಲು ಪೆಟ್ಟಿಗೆ ಮೇಲೂ ಹೆಸರು ಬರೆದಿರು. ಮನೆ ನಂಬರ್ ನೋಡಿ ಕೊಡಲ್ಲ, ಹೆಸರಿಲ್ಲದಿದ್ರೆ ಕಾಗದ ವಾಪಸ್."

"ಹುಟ್ಟಿದಹಬ್ಬ ಬರುತ್ತೆ. ಎಲ್ಲಾ ಬರ್ತಾರೆ."

"ಕೇಕ್ ನೀನೇ ಒಯ್ಯಬೇಕು, ಅಲ್ಲಿನ ಪದ್ಧತಿ. ಹಿಂದಿನ ದಿನವೇ ಶುಭಾಶಯ ಹೇಳಿದ್ರೆ ಅಪಶಕುನ. ನಾವು ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದ್ವೋ, ಅಲ್ಲಿನ್ನೂ ಹಿಂದಿನ ದಿನದ ಸಂಜೆ. ಬೇಸಿಗೇಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಡಿಸೆಂಬರಲ್ಲಿ ನಾಲ್ಕಕ್ಕೆ ಮುಂಚೇನೇ ಸೂರ್ಯ ಮುಳುಗಿರ್ತಾನೆ. ನೀನು ಏಳಕ್ಕೆ ಮನೆ ಸೇರಿ 'ಏನ್ರೋ' ಅಂದಾಗ ನಮಗೆ ಹನ್ನೊಂದೂವರೆ. ಪದ್ಮ ಆಕಳಿಸ್ತಾಳೆ, ನಾನು ಎತ್ತೋದೇ ಇಲ್ಲ."

"ಎತ್ತಲ್ವಾ?"

"ಎತ್ತಿದ್ರೆ ಏನಂತ ಹೇಳಲಿ? 'ಬಾ, ಕಾಫಿ ಕುಡಿಯೋಣ' ಅಂತಲೇ?"

ಸೀನ ಫೋನ್ ಮಗುಚಿಟ್ಟ. "ಅಲ್ಲೇ ಒಂದು ಸಂಘ ಕಟ್ತೀನಿ. ಹರಟೆ ಸಂಘ."

"ಕಟ್ಟು. ನೋಂದಾಯಿಸೋಕೆ ಜರ್ಮನ್ ಕಾನೂನು ಪ್ರಕಾರ ಏಳು ಜನ ಬೇಕು."

"ನಾವೂ ಏಳೇ ಜನ ಇದ್ವಿ" ಅಂದಳು ಪದ್ಮ.

ಇದ್ದರು. ರಘು ಡಲ್ಲಾಸಿಗೆ ಹೋದ, ಮಂಜ ಪುಣೆಗೆ, ಸುಬ್ಬು ವೈಟ್‌ಫೀಲ್ಡಿಗೆ. ಡಲ್ಲಾಸಿನವನು ವರ್ಷಕ್ಕೊಮ್ಮೆಯಾದರೂ ಗಾಂಧಿಬಜಾರಿಗೆ ಬರ್ತಾನೆ. ಶೇಷು ಹಿಂದಿನ ಬೀದಿಯಲ್ಲೇ ಇದ್ದಾನೆ. ಬೆಳಿಗ್ಗೆ ಷೇರು ಮಾರ್ಕೆಟ್ಟು, ಸಂಜೆ ಧ್ಯಾನ.

"ಇನ್ನೊಂದು ಕಲಮಿದೆ" ಅಂದ ನಾಣಿ. "ಸದಸ್ಯರು ಮೂರಕ್ಕಿಂತ ಕಡಿಮೆಯಾದ್ರೆ ಸಂಘದ ಮಾನ್ಯತೆ ರದ್ದು. ನಾವಾಗಿ ಅರ್ಜಿ ಹಾಕೋಕೆ ಮೂರು ತಿಂಗಳು ಟೈಮು, ಹಾಕದಿದ್ರೆ ಕೋರ್ಟೇ ಮಾಡುತ್ತೆ."

ಸೀನ ಬೆರಳು ಮಡಿಸಿದ. ನಾಣಿ, ಪದ್ಮ. ಅಲ್ಲಿಗೇ ನಿಲ್ಲಿಸಿದ. "ಅಂದ್ರೆ ನಾನು ಹೋದ್ರೆ..."

"ಹೋಗಿ ಬಾ, ಹೆದರಬೇಡ. ಕೋರ್ಟು ನಮ್ಮನ್ನ ಕರೆದು ಕೇಳದೆ ರದ್ದು ಮಾಡೋ ಹಾಗಿಲ್ಲ. ಕೇಳೋಕೆ ಅಪಾಯಿಂಟ್‌ಮೆಂಟ್ ಕೊಡಬೇಕು. ನಾವು ಆಗಲ್ಲ ಅಂತೀವಿ. ಇನ್ನೊಂದು ಕೊಡ್ತಾರೆ, ಸ್ಪಾಂಡೌನಲ್ಲಿ."