ಎಂಟು ನಂಬರ್ ಮುಂದೆ ಬಗ್ಗಿದ ಕೂಡಲೇ ತಲೆಯೊಳಗೆ ಸಂತೆ. ಏನು ಮಾಡೋದು?

ವೀಡ್‌ಕಟರ್ ಗೋಣಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ವೀಡ್‌ಕಟರ್, ಪಂಪ್‌ಸೆಟ್ ರಿಪೇರಿ ಅಂಗಡಿ ನಂದು. ಸಂಜೆ ಶಟರ್ ಎಳೆದ ಮೇಲೆ ಒಂದು ಗಂಟೆ ಪೂಲ್ ಆಡ್ತೀನಿ. ನಾಲ್ಕು ವರ್ಷ ಆಯ್ತು. ಬೇಕರಿ ಮೇಲಿನ ಮಹಡಿ, ಎರಡೇ ಟೇಬಲ್, ಎರಡೂ 8 ಅಡಿಯವು. ಈಗ ಮಳೆಗಾಲ ಬೇರೆ, ಟೇಬಲ್ ಬಟ್ಟೆ ತೇವ ಹಿಡಿದು ಬಾಲ್ ಗದ್ದೆ ಕೆಸರಲ್ಲಿ ಉರುಳಿದ ಹಾಗೆ ಉರುಳುತ್ತೆ. ಅದಿರಲಿ, ನನ್ನ ಕಷ್ಟ ಅದಲ್ಲ.

ಒಬ್ಬನೇ ಪ್ರಾಕ್ಟೀಸ್ ಮಾಡುವಾಗ ಉದ್ದದ ನೇರ ಶಾಟ್ 10ಕ್ಕೆ 7 ಬೀಳುತ್ತೆ. ಭಾನುವಾರ ಭಾವ ಬರ್ತಾರೆ. ಸೋತವನು ಟೇಬಲ್ ದುಡ್ಡು ಕೊಡಬೇಕು, ಕೆಳಗಡೆ ಎಗ್ ಪಫ್ಸೂ ಅವನದ್ದೇ. ಅಲ್ಲಿಂದ ಶುರು ನೋಡಿ. ಬಗ್ಗಿದ ತಕ್ಷಣ ತಲೆಯೊಳಗೆ ಒಬ್ಬೊಬ್ಬರೇ ಮಾತಾಡೋಕೆ ಶುರು ಮಾಡ್ತಾರೆ. ಮೊಣಕೈ ಇಳೀತಾ ಇದೆ. ಗ್ರಿಪ್ ಬಿಗಿ ಆಯ್ತು. ತಲೆ ಎತ್ತಬೇಡ. ಫಾಲೋ ಥ್ರೂ, ಅಂದ್ರೆ ಹೊಡೆದ ಮೇಲೂ ಕ್ಯೂ ಕೋಲು ಮುಂದಕ್ಕೆ ಬಿಡೋದು, ಮರೀಬೇಡ. ಇವೆಲ್ಲ ಯೂಟ್ಯೂಬಿನಲ್ಲಿ ಒಬ್ಬೊಬ್ಬ ಕೋಚ್ ಹೇಳಿಕೊಟ್ಟಿದ್ದು. ಎಲ್ಲ ಸರಿಯೇ, ಆದರೆ ಎಲ್ಲರೂ ಒಟ್ಟಿಗೆ ಬಂದರೆ ನಾನು ಯಾರ ಮಾತು ಕೇಳಲಿ?

ಹೋದ ವಾರ ಎಂಟು ನಂಬರ್ ಬಾಲ್, ಅಂದ್ರೆ ಕೊನೆಗೆ ಬೀಳಿಸಿ ಗೇಮ್ ಗೆಲ್ಲಬೇಕಾದ ಬಾಲ್, ಮೂಲೆ ಪಾಕೆಟ್‌ನಿಂದ ಒಂದು ಗೇಣು ದೂರ ಇತ್ತು. ಗೇಣು ಅಂದ್ರೆ ಗೇಣು, ಅಳೆದಿದ್ದೀನಿ. ಆರೇಳು ಸಲ ಕ್ಯೂ ಹಿಂದೆ ಮುಂದೆ ಆಡಿಸಿದೆ, ಮೊಣಕೈ ಜ್ಞಾಪಕ ಬಂತು, ಹೊಡೆದೆ. ಪಾಕೆಟ್ ಬಾಯಿಗೆ ತಾಗಿ ಅಲ್ಲೇ ನಿಂತುಕೊಳ್ತು. ಭಾವ ಏನೂ ಮಾತಾಡಲಿಲ್ಲ, ಚಾಕ್ ತಗೊಂಡು ಕ್ಯೂ ತುದಿಗೆ ನಿಧಾನ ಉಜ್ಜಿದರು. ಅದೇ ಹೆಚ್ಚು ಉರಿಯಿತು.

ಆಡುವಾಗ ಈ ಯೋಚನೆಗಳನ್ನು ಹೊರಗಿಡೋದು ಹೇಗೆ? ಅಥವಾ ಯಾವುದಾದರೂ ಒಂದನ್ನು ಇಟ್ಟುಕೊಳ್ಳಬೇಕಾ?

ಕುಶಾಲನಗರದ ಹುಡ್ಗ:

ಒಂದು ಪೆಗ್ ಹಾಕಿ ಆಡಿ ಬ್ರೋ. ಯೋಚನೆ ಎಲ್ಲ ಮಾಯ.

ವೀಡ್‌ಕಟರ್ ಗೋಣಿಕೊಪ್ಪ:

ನೋಡಿ ಆಗಿದೆ ಬ್ರೋ. ಮಾಯ ಆಗಲ್ಲ, ಬಾಯಿಗೆ ಬರುತ್ತೆ. ಭಾವನಿಗೇ ಮೊಣಕೈ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ.

ಹಳೇ ಕ್ಯೂ, ನಾಪೋಕ್ಲು:

ತಮ್ಮಾ, ನಾನು ಬೆಂಗಳೂರಲ್ಲಿ ಓದುವಾಗ ಸ್ನೂಕರ್ ಆಡ್ತಿದ್ದವನು. ಈಗ ತೋಟ, ಮಂಡಿನೋವು. ವಾರಕ್ಕೊಮ್ಮೆ ಆಡಿದರೆ ಹೆಚ್ಚು. ಆದರೂ ನಿನ್ನ ಕಾಯಿಲೆ ನನಗೆ ಗೊತ್ತು, ಹತ್ತು ವರ್ಷ ಅನುಭವಿಸಿದ್ದೇನೆ.

ನನಗೆ ಇದು ಬಿಟ್ಟಿದ್ದು ಟೇಬಲ್ ಹತ್ತಿರ ಅಲ್ಲ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, 12 ಬೋರಿನ ಕೋವಿ. ನಾನು ಕೋವಿ ಹೆಗಲಿಗೆ ಕೊಟ್ಟು ಕಾಲು ಸರಿಯಿದೆಯಾ, ಕೆನ್ನೆ ಸರಿಯಿದೆಯಾ ಅಂತ ಲೆಕ್ಕ ಹಾಕ್ತಾ ನಿಂತಿದ್ದೆ. ಕೈ ನಡುಗೋಕೆ ಶುರುವಾಯ್ತು. ಹಿಂದೆ ನಿಂತಿದ್ದ ಚಿಕ್ಕಪ್ಪ, "ಇಳಿಸು" ಅಂದರು. ಇಳಿಸಿದೆ. "ಕಾಲು ನೋಡೋದು ಈಗ. ಕೋವಿ ಎತ್ತಿದ ಮೇಲೆ ಕಾಯಿ ನೋಡು, ಅಷ್ಟೇ" ಅಂದರು. ಆ ವರ್ಷ ಕಾಯಿ ಒಡೆದದ್ದು ಬೇರೆಯವರು, ನಾನಲ್ಲ. ಆದರೆ ಮಾತು ನನ್ನ ಜೊತೆ ಬಂತು.

ಪೂಲಿಗೂ ಅದೇ. ಯೋಚನೆ ಮಾಡೋದು ನಿಂತಾಗ. ಬಾಲಿನ ಹಿಂದೆ ನಿಂತುಕೊಂಡು ಯಾವ ಪಾಕೆಟ್, ಎಷ್ಟು ವೇಗ, ಬಿಳಿ ಬಾಲ್ ಎಲ್ಲಿ ಹೋಗಿ ನಿಲ್ಲಬೇಕು, ಎಲ್ಲ ಅಲ್ಲೇ ತೀರ್ಮಾನ ಆಗಬೇಕು. ಚಾಕ್ ಹಚ್ಚೋದು ಅದಕ್ಕೇ ಸಿಗುವ ಸಮಯ. ಆಮೇಲೆ ಬಗ್ಗು. ಮೂರು ಸಲ ಕ್ಯೂ ಆಡಿಸು, ಟಿಪ್, ಅಂದರೆ ಕ್ಯೂ ತುದಿ, ಬಿಳಿ ಬಾಲಿನ ಹತ್ತಿರ ತಂದು ನಿಲ್ಲಿಸು, ಕಣ್ಣು ಹೊಡೆಯಬೇಕಾದ ಬಾಲಿಗೆ ಹೋಗಲಿ, ನಿಧಾನ ಹಿಂದಕ್ಕೆ ಎಳಿ, ಹೊಡಿ. ಮೂರು ಅಂದರೆ ಯಾವಾಗಲೂ ಮೂರೇ. ನೀನು ಆರೇಳು ಸಲ ಆಡಿಸಿದೆ ಅಂದೆಯಲ್ಲ, ಅಲ್ಲಿ ನೀನು ಗುರಿ ನೋಡ್ತಾ ಇರಲಿಲ್ಲ, ಧೈರ್ಯ ಹುಡುಕ್ತಾ ಇದ್ದೆ.

ಬಗ್ಗಿದ ಮೇಲೆ ಮೊಣಕೈ ನೆನಪಾದರೆ ಎದ್ದುಬಿಡು. ನಾಚಿಕೆ ಬೇಡ. ಇದು ಹೇಳೋಕೆ ಸುಲಭ. ಭಾವನ ಮುಂದೆ ಬಗ್ಗಿದವನು ಏಳೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೂ ಏಳು.

ಮೊಣಕೈಯನ್ನು ಬಿಟ್ಟುಬಿಡು ಅಂತಲ್ಲ. ಅದಕ್ಕೊಂದು ದಿನ ಕೊಡು. ಮಂಗಳವಾರ ಗ್ರಿಪ್ ಅಂದರೆ ಗ್ರಿಪ್ ಒಂದೇ, ಬಾಲ್ ಬಿದ್ದರೂ ಬೀಳದಿದ್ದರೂ ಲೆಕ್ಕ ಇಡಬೇಡ. ಖಾಲಿ ಟೇಬಲಿನ ತಲೆಕಡೆ ನಡುಮಧ್ಯೆ ಬಿಳಿ ಬಾಲ್ ಇಟ್ಟು ನೇರ ಎದುರಿನ ಕುಶನ್‌ಗೆ ಹೊಡಿ, ಕ್ಯೂ ಹಾಗೇ ಬಿಟ್ಟಿರು. ಬಾಲ್ ವಾಪಸ್ ಬಂದು ಟಿಪ್‌ಗೇ ತಾಗಬೇಕು. ಪಕ್ಕಕ್ಕೆ ಹೋದರೆ ಗೊತ್ತಿಲ್ಲದೆ ಸೈಡ್ ಹಾಕಿದ್ದೀಯ, ಬಾಲಿನ ನಡುವೆ ಹೊಡೆಯದೆ ಪಕ್ಕಕ್ಕೆ ಹೊಡೆದು ತಿರುಗಿಸಿದ್ದೀಯ ಅಂತ ಅರ್ಥ. ಅರ್ಧ ಗಂಟೆ ಇದು, ಉಳಿದರ್ಧ ಗಂಟೆ ಸುಮ್ಮನೆ ಆಡು. ಆ ಅರ್ಧ ಗಂಟೆಯಲ್ಲಿ ಕೋಚ್‌ಗಳಿಗೆ ರಜೆ.

ಪಿಟಿ ಟೀಚರ್, ಮಡಿಕೇರಿ:

ಹಳೇ ಕ್ಯೂ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾನು ಪೂಲ್ ಆಡೋಳಲ್ಲ, ಮಕ್ಕಳಿಗೆ ಹಾಕಿ ಹೇಳಿಕೊಡ್ತೀನಿ. ಪೆನಾಲ್ಟಿ ಸ್ಟ್ರೋಕ್ ತಗೊಳ್ಳುವ ಹುಡುಗಿಗೆ "ಮಣಿಕಟ್ಟು ಗಟ್ಟಿ ಇಡು" ಅಂದ ದಿನ ಬಾಲ್ ಗೋಲಿಯ ಪ್ಯಾಡಿಗೇ ಹೋಗುತ್ತೆ. "ಆ ಕಂಬದ ಬುಡ ನೋಡು" ಅಂದರೆ ಮಣಿಕಟ್ಟು ತಾನೇ ಗಟ್ಟಿ ಆಗುತ್ತೆ.

ಇದರ ಮೇಲೆ ಸಂಶೋಧನೆಯೂ ಆಗಿದೆ. ಗೇಬ್ರಿಯೆಲ್ ವುಲ್ಫ್ ಮತ್ತು ಅವರ ಜೊತೆಗಾರರು 1998ರಲ್ಲಿ ಹಿಮದಲ್ಲಿ ಜಾರುವ ಸ್ಕೀ ಆಟದ ಅಭ್ಯಾಸ ಯಂತ್ರದ ಮೇಲೆ ಕೆಲವರನ್ನು ನಿಲ್ಲಿಸಿ, ಒಂದು ಗುಂಪಿಗೆ ಪಾದದ ಮೇಲೆ, ಇನ್ನೊಂದಕ್ಕೆ ಪಾದದ ಕೆಳಗಿನ ಚಕ್ರದ ಮೇಲೆ ಗಮನ ಇಡಲು ಹೇಳಿದರು. ಚಕ್ರದವರು ಚೆನ್ನಾಗಿ ಕಲಿತರು. ಪಾದಕ್ಕೂ ಚಕ್ರಕ್ಕೂ ಎಷ್ಟು ಅಂತರ ಹೇಳಿ!

ಹಾಗಾಗಿ ಮೊಣಕೈ ಬದಲು ಟಿಪ್ ಎಲ್ಲಿ ಹೋಗಿ ನಿಲ್ಲಬೇಕು ಅಂತ ಇಟ್ಟುಕೊಳ್ಳಿ. ಇನ್ನೊಂದು, ಬಿಲಿಯರ್ಡ್ಸ್ ಆಟಗಾರರ ಕಣ್ಣಿನ ಮೇಲೇ 2002ರಲ್ಲಿ ಒಂದು ಅಧ್ಯಯನ ಬಂತು. ಹೊಡೆಯುವ ಮುಂಚಿನ ಕೊನೆಯ ನೋಟ ಪಳಗಿದವರಲ್ಲಿ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲುತ್ತೆ, ಶಾಟ್ ಕಷ್ಟ ಆದಷ್ಟೂ ಇನ್ನೂ ಹೆಚ್ಚು. ನಿಮ್ಮ ಕಣ್ಣು ಕೊನೇ ಗಳಿಗೆಯಲ್ಲಿ ಪಾಕೆಟ್‌ಗೂ ಬಾಲಿಗೂ ಓಡಾಡುತ್ತಾ? ಯಾರಿಗಾದರೂ ಮೊಬೈಲಲ್ಲಿ ವಿಡಿಯೋ ಮಾಡೋಕೆ ಹೇಳಿ.

ಕುಶಾಲನಗರದ ಹುಡ್ಗ:

ಭಾವನ ಮುಖಕ್ಕೂ ಓಡಾಡುತ್ತೆ ಮೇಡಂ, ಬೆಟ್ ಕಟ್ತೀನಿ.

ವೀಡ್‌ಕಟರ್ ಗೋಣಿಕೊಪ್ಪ:

ಮೂರು ವಾರ ಆಯ್ತು, ವರದಿ ಒಪ್ಪಿಸ್ತಾ ಇದ್ದೀನಿ.

ಮೊದಲು ವಿಡಿಯೋ. ಬೇಕರಿ ಹುಡುಗ ಎದುರಿಂದ ತೆಗೆದ. ಕುಶಾಲನಗರದ ಬ್ರೋ, ಬೆಟ್ ಗೆದ್ದಿರಿ. ಕ್ಯೂ ಮುಂದಕ್ಕೆ ಹೋಗುವ ಹೊತ್ತಿಗೆ ನನ್ನ ಕಣ್ಣು ಬಾಲ್ ಬಿಟ್ಟು ಮೇಲೆ, ಭಾವ ನಿಂತಿದ್ದ ಕಡೆ. ನನಗೆ ಗೊತ್ತೇ ಇರಲಿಲ್ಲ. ತಲೆ ಎತ್ತಬೇಡ ಅಂತ ನೂರು ಸಲ ಹೇಳಿಕೊಂಡರೂ ಏಳ್ತಾ ಇದ್ದದ್ದು ಇದಕ್ಕೇ.

ಟಿಪ್‌ದೂ ಕೆಲಸ ಮಾಡಿತು ಟೀಚರ್. ಬಿಳಿ ಬಾಲಿನ ಮುಂದೆ ಒಂದು ಗೇಣು ಬಿಟ್ಟು, ಲೈನ್ ಪಕ್ಕಕ್ಕೆ ಐದು ರೂಪಾಯಿ ನಾಣ್ಯ ಇಟ್ಟು, ಟಿಪ್ ಅಲ್ಲಿವರೆಗೆ ಹೋಗಬೇಕು ಅಂತ ಪ್ರಾಕ್ಟೀಸ್ ಮಾಡಿದೆ. ಓನರ್ ನೋಡಿ ಬೈದರು, ಬಟ್ಟೆ ಹಾಳಾಗುತ್ತೆ ಅಂತ. ಈಗ ಕಾಗದದ ಚೂರು. ವಾಪಸ್ ಬರುವ ಬಾಲ್ ಮೊದಲ ದಿನ ನಾಲ್ಕು ಬೆರಳು ಬಲಕ್ಕೆ ಹೋಗ್ತಿತ್ತು, ಈಗ 10ಕ್ಕೆ 5 ಸಲ ಟಿಪ್‌ಗೆ ತಾಗುತ್ತೆ.

ಮೊನ್ನೆ ಭಾನುವಾರ ಕೊನೇ ಗೇಮ್. ಎಂಟು ನಂಬರ್ ನೇರ, ಅರ್ಧ ಟೇಬಲ್ ದೂರ. ಬಗ್ಗಿದೆ, ಮೊಣಕೈ ಬಂತು, ಎದ್ದೆ. ಚಾಕ್ ಹಚ್ಚಿ ಮತ್ತೆ ಬಗ್ಗಿದೆ, ಮತ್ತೆ ಎದ್ದೆ. "ಏನು, ಬೆನ್ನು ಹಿಡ್ಕೊಳ್ತಾ?" ಅಂದರು ಭಾವ. ಮೂರನೇ ಸಲ ಒಳಗೆ ಯಾರೂ ಇರಲಿಲ್ಲ. ಮೂರು ಸಲ ಆಡಿಸಿದೆ, ನಿಂತೆ, ಹೊಡೆದೆ. ಎಂಟು ನಂಬರ್ ಟಕ್ ಅಂತ ಪಾಕೆಟ್ ನಡುಮಧ್ಯ ಬಿತ್ತು.

ಬಿಳಿ ಬಾಲೂ ಅದರ ಹಿಂದೆಯೇ ಹೋಯ್ತು. ಫೌಲ್, ಗೇಮ್ ಭಾವಂದು. ಎಂಟು ಪಫ್ಸ್ ಪಾರ್ಸಲ್ ತಗೊಂಡು ಹೋದರು.

ಹಳೇ ಕ್ಯೂ, ನಾಪೋಕ್ಲು:

ನೇರ ಶಾಟಿಗೆ ಮೇಲೆ ಹೊಡೆದರೆ ಇನ್ನೇನಾಗುತ್ತೆ? ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊಡೆದು ಬಿಳಿ ಬಾಲನ್ನು ಅಲ್ಲೇ ನಿಲ್ಲಿಸಬೇಕಿತ್ತು. ಎರಡು ಸಲ ಎದ್ದು ನಿಂತೆಯಲ್ಲ, ಬಿಳಿ ಬಾಲ್ ಎಲ್ಲಿ ನಿಲ್ಲಬೇಕು ಅಂತ ಯೋಚನೆ ಮಾಡಿದೆಯಾ?

ವೀಡ್‌ಕಟರ್ ಗೋಣಿಕೊಪ್ಪ:

ಇಲ್ಲ ಅಣ್ಣ. ಪಫ್ಸ್ ಬಗ್ಗೆ ಯೋಚನೆ ಮಾಡಿದೆ.